ಯಾರದ್ರೀ ಈ ಹೊಟ್ಟಿ?

ಗದಗ ಜಿಲ್ಲೆ ಹೊಸದಾಗಿ ಆದ ಕಾಲಕ್ಕೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಅಂತ ವರ್ಗವಾಗುತ್ತ ತಿರುಗಿದೆ. ಬೆಳಕಿನ ಪಾಠ ಮಾಡಿದೆ, ಅಯಸ್ಕಾಂತದ ಪಾಠ ಮಾಡಿದೆ, ಯಾರೂ ಏನೂ ಅನ್ನಲಿಲ್ಲ. ಜೀರ್ಣಾಂಗದ ಪಾಠ ಬಂತೆಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತಿತ್ತು. ಹೊಟ್ಟೆ ಎಲ್ಲರಿಗೂ ಇರುತ್ತದಲ್ಲ, ಅದಕ್ಕೇ ಇರಬೇಕು.

ಬಸ್ಸಿನ್ಯಾಗ

ಪಾಠಕ್ಕೆಂದು ಗದಗಿನಿಂದ ಮುಂಡರಗಿಗೆ ಒಂದು ಪ್ಲಾಸ್ಟಿಕ್ ಮನುಷ್ಯನನ್ನು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ತಲೆಯಿಂದ ಸೊಂಟದವರೆಗೆ ಮಾತ್ರ ಇದ್ದ ಗೊಂಬೆ. ಹೊಟ್ಟೆ ತೆರೆದೇ ಇತ್ತು. ಒಳಗಿನ ಜಠರ, ಕರುಳು ಎಲ್ಲ ಬಿಚ್ಚಿ ಕೂಡಿಸುವಂಥವು. ಜನ ಹೆದರಬಾರದೆಂದು ಟವೆಲ್ ಹೊದಿಸಿ ಕಿಟಕಿ ಪಕ್ಕ ಕೂಡಿಸಿದ್ದೆ.

ಮುಂದಿನ ಸೀಟಿನ ಅಜ್ಜಿ ಹೊರಳಿ ನೋಡಿದಳು. "ಪಾಪ, ಭಾಳ ಅಶಕ್ತ ಆಗ್ಯಾನ. ಏನಾಗೈತ್ರಿ?"

"ಏನಿಲ್ಲಬೇ, ಪ್ಲಾಸ್ಟಿಕ್" ಅಂದೆ.

"ಪ್ಲಾಸ್ಟಿಕ್ ತಿಂದ್ನ? ನಮ್ಮ ಆಕಳನೂ ಹಂಗ ಮಾಡಿತ್ತು."

ಡಂಬಳದ ಹತ್ತಿರ ಬಸ್ಸು ಒಂದು ತಗ್ಗಿಗೆ ಬಿದ್ದು ಎದ್ದಿತು. ಗೊಂಬೆಯ ಜಠರ ಕಳಚಿಕೊಂಡು ಸೀಟುಗಳ ಕೆಳಗೆ ಉರುಳುತ್ತ ಮುಂದೆ ಹೋಯಿತು. "ಅಯ್ಯ, ಹೊಟ್ಟಿ ಬಿತ್ತು, ಹಿಡೀರಿ!" ಅಂತ ಚೀರಿದೆ. ಕಂಡಕ್ಟರ್ ಅದನ್ನು ಎತ್ತಿ ಹಿಡಿದು ಸೀಟಿ ಊದಿದ. "ಯಾರದ್ರೀ ಈ ಹೊಟ್ಟಿ? ಎಲ್ಲಾರೂ ತಮ್ಮತಮ್ಮದು ನೋಡ್ಕೋರಿ!"

ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ಹೊಟ್ಟೆ ಮುಟ್ಟಿ ನೋಡಿಕೊಂಡರು. ನಾನೂ ನೋಡಿಕೊಂಡೆ.

ಪಟಗಾ

ಡಂಬಳದಲ್ಲಿ ಒಂದು ಪಾಲಕರ ಸಭೆ. ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳ್ರಿ ಅಂತ ಕರೆಸಿದ್ದರು. ಸಣ್ಣ ಕರುಳು ಇಪ್ಪತ್ತು ಅಡಿ ಉದ್ದ ಇರುತ್ತದೆ ಅಂದೆ. ಸಭೆಯಲ್ಲಿ ಗುಜುಗುಜು ಎದ್ದಿತು. ಒಬ್ಬ ಎದ್ದು ನಿಂತು, "ಸರ, ನಾನ ಐದೂವರಿ ಅಡಿ ಅದೀನಿ. ಇಪ್ಪತ್ತ ಅಡಿ ಒಳಗ ಹೆಂಗ ಹಿಡಸತೈತ್ರಿ? ಸುಳ್ಳ ಹೇಳಬ್ಯಾಡ್ರಿ" ಅಂದ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹಿರಿಯ ರೈತ ಎದ್ದು ಬಂದ. ತಲೆಯ ಪಟಗಾ ಬಿಚ್ಚತೊಡಗಿದ. ಬಟ್ಟೆ ಮುಗಿಯಲೇ ಒಲ್ಲದು. ಒಂದು ತುದಿ ಹೆಡ್‌ಮಾಸ್ತರ ಕೈಯಲ್ಲಿ, ಇನ್ನೊಂದು ತುದಿ ಬಾಗಿಲು ದಾಟಿ ಹೊರಗೆ. ಎಲ್ಲರೂ ನೋಡಿದ ಮೇಲೆ ಸರಸರ ಸುತ್ತಿ ಮತ್ತೆ ತಲೆಗೆ ಏರಿಸಿಕೊಂಡ. "ತಲಿ ಮ್ಯಾಲ ಹಿಡಿಸಿದ್ದು ಹೊಟ್ಟ್ಯಾಗ ಹಿಡಸಂಗಿಲ್ಲೇನ್ಲೇ?"

ಇಡೀ ಸಭೆ ಚಪ್ಪಾಳೆ ಹೊಡೆಯಿತು. ನನ್ನ ಪುಸ್ತಕದಲ್ಲಿ ಕೂಡ ಇಷ್ಟು ಚೆಂದದ ಚಿತ್ರ ಇರಲಿಲ್ಲ. ಆದರೆ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಹಣೆ ಚಚ್ಚಿಕೊಂಡಳು. "ಈಗ ತಿಳೀತ ನೋಡ್ರಿ. ದಿನಾ ಹತ್ತ ರೊಟ್ಟಿ ತುಂಬಿದ್ರೂ ಈ ಪಟಗಾದ ಒಂದ ಸುತ್ತೂ ತುಂಬವಲ್ದು!"

ಮೂವತ್ತೆರಡು

ಶಿರಹಟ್ಟಿಯಲ್ಲಿ ಪಾಠ ಮಾಡುವಾಗ, ಜೀರ್ಣಕ್ರಿಯೆ ಬಾಯಿಯಲ್ಲೇ ಶುರುವಾಗುತ್ತದೆ, ಪ್ರತಿ ತುತ್ತನ್ನು ಮೂವತ್ತೆರಡು ಸಲ ಅಗಿಯಿರಿ ಅಂದಿದ್ದೆ. ಎರಡು ದಿನಕ್ಕೆ ಒಬ್ಬ ವಿದ್ಯಾರ್ಥಿನಿಯ ತಾಯಿ ಶಾಲೆಗೇ ಬಂದಳು.

"ಸರ, ಏನ ಕಲಿಸೀರಿ ನೀವು? ನಮ್ಮ ಮನ್ಯಾಗ ಎಲ್ಲಾರೂ ಬೆರಳ ಮಡಚಿ ಎಣಿಸಾಕತ್ತಾರ. ನಮ್ಮ ಮಾವ ಅಂತೂ ಇಪ್ಪತ್ತೆಂಟಕ್ಕ ಲೆಕ್ಕ ತಪ್ಪಿ ಮತ್ತ ಒಂದರಿಂದ ಹಚ್ಚತಾನ. ಮುಂಜಾನಿ ಉಣ್ಣಾಕ ಕುಂತವ್ರು ಮಧ್ಯಾಹ್ನ ಆದ್ರೂ ಏಳವಲ್ರು. ಏನರ ಕೇಳಿದ್ರ ಬಾಯಿತುಂಬ ರೊಟ್ಟಿ, ಒಬ್ರೂ ಪಿಟ್ ಅನ್ನಂಗಿಲ್ಲ!"

ತಪ್ಪಾಯಿತು, ಹತ್ತು ಸಲ ಸಾಕು ಅಂತ ಹೇಳಿ ಕಳಿಸುತ್ತೇನೆ ಅಂದೆ. ಆಕೆಯ ಜೊತೆ ಬಂದಿದ್ದ ಪಕ್ಕದ ಮನೆಯ ಸೊಸೆ ಮಾತ್ರ ಹೋಗದೆ ನಿಂತಳು. ಸೆರಗು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ, "ಸರ, ನಮ್ಮ ಅತ್ತಿಗೂ ಒಂದೀಟ ಹೇಳ್ರಿ. ಮೂವತ್ತೆರಡು ಸಾಲಂಗಿಲ್ಲ. ಅರವತ್ನಾಕ ಅನ್ರಿ" ಅಂದಳು.

ಚಾಚಾ ಹಲ್ಲು ನುಂಗಿದ್ದು

ಲಕ್ಷ್ಮೇಶ್ವರದಲ್ಲಿ ನಮ್ಮ ಓಣಿಗೆ ಒಬ್ಬರು ಟೇಲರ್ ಚಾಚಾ ಇದ್ದರು. ಬಾಯಿತುಂಬ ಕಟ್ಟಿಸಿದ ಹಲ್ಲು. ನೆಂಟರ ಮದುವೆಯಲ್ಲಿ ಬಿರಿಯಾನಿ ಉಂಡು ಮನೆಗೆ ಬಂದವರು ಬಾಯಿಗೆ ಕೈ ಇಟ್ಟು ಕಂಗಾಲಾದರು. ಮೇಲಿನ ಸಾಲಿನ ಹಲ್ಲಿನ ಸೆಟ್ಟೇ ಇಲ್ಲ!

"ನುಂಗಿಬಿಟ್ಟೆ" ಅಂತ ಮಲಗಿಯೇಬಿಟ್ಟರು. ಡಾಕ್ಟರು ಬಂದು, "ಅಷ್ಟು ದೊಡ್ಡದು ಗಂಟಲಾಗ ಇಳಿಯಂಗಿಲ್ಲ" ಅಂದರು. ಚಾಚಾ ಒಪ್ಪಲಿಲ್ಲ. "ಆ ಬಿರಿಯಾನಿ ನೀವು ತಿಂದಿಲ್ರಿ ಡಾಕ್ಟರ್ ಸಾಹೇಬ್ರ. ಅದರ ಜೋಡಿ ತಾಟೂ ಇಳೀತಿತ್ತು."

ಆಗ ನನ್ನನ್ನು ಕರೆಸಿದರು. ನಾನು ಸುಮ್ಮನಿರಬೇಕೋ ಬೇಡವೋ? ಟೇಲರ್ ಚಾಕಿನಿಂದ ಒಂದು ಅಸ್ತರಿನ ಬಟ್ಟೆಯ ಮೇಲೆ ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಬರೆದು, ತಿಂದದ್ದು ಹೀಗೆ ಹೋಗುತ್ತದೆ ಅಂತ ವಿವರಿಸಿದೆ. ಚಾಚಿ ಅದನ್ನು ಗೋಡೆಗೆ ತೂಗುಹಾಕಿದರು. ಅಲ್ಲಿಂದ ನೋವು ನಕಾಶೆ ಹಿಡಿದು ಹೊರಟಿತು. ಮೊದಲ ದಿನ ಎದೆಯ ಕೆಳಗೆ, ಮರುದಿನ ಹೊಕ್ಕಳ ಸುತ್ತ, ಮೂರನೆಯ ದಿನ ಬಲಮಗ್ಗುಲು. ಓಣಿಯವರು ಬಂದು, "ಹಲ್ಲು ಎಲ್ಲಿಗೆ ಬಂತ್ರಿ?" ಅಂತ ಕೇಳುವರು. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬಟ್ಟೆಯ ಮೇಲೆ ಬೆರಳಿಟ್ಟು, "ಇಲ್ಲಿ ಹೊರಳಾಕತ್ತೈತಿ, ಇನ್ನ ದೊಡ್ಡ ಕರಳು ಹಿಡೀತೈತಿ" ಅನ್ನುವರು. ಚಾಚಾ ನಡುನಡುವೆ, "ಯಾ ಅಲ್ಲಾ, ಮತ್ತ ಕಚ್ಚಿತು!" ಅಂತ ಮುಲುಗುವರು.

ಮೂರನೆಯ ದಿನ ಸಂಜೆ ಮುಳಗುಂದದಿಂದ ಅವರ ಅಣ್ಣ ನೋಡಲು ಬಂದರು. ಅವರೂ ಮದುವೆಗೆ ಬಂದಿದ್ದವರೇ. "ತಮ್ಮಾ, ಹೆದರಬ್ಯಾಡ" ಅಂತ ಧೈರ್ಯ ಹೇಳಿ ನಕ್ಕರು. ಚಾಚಿ ಅವರ ಬಾಯನ್ನೇ ಎವೆಯಿಕ್ಕದೆ ನೋಡಿ ಚೀರಿದರು: "ಇದು ನಮ್ಮವ್ರ ನಗು!"

ಅಣ್ಣ ಗಾಬರಿಯಾಗಿ ಮೇಲಿನ ಹಲ್ಲು ಕೈಗೆ ತೆಗೆದುಕೊಂಡರು. ಇನ್ನೊಂದು ಕೈ ಜುಬ್ಬಾದ ಕಿಸೆಗೆ ಹೋಯಿತು. ಅಲ್ಲಿಂದ ಅಡಕೆಯ ಚೂರಿನ ಜೊತೆ ಇನ್ನೊಂದು ಸೆಟ್ಟು ಹೊರಬಂತು. ಊಟಕ್ಕೆ ಮುಂಚೆ ತಮ್ಮದನ್ನು ತೆಗೆದು ಕಿಸೆಯಲ್ಲಿಟ್ಟು ಮರೆತಿದ್ದಾರೆ. ಕೈತೊಳೆಯುವಾಗ ನಳದ ಕಟ್ಟೆಯ ಮೇಲೆ ಚಾಚಾ ತೊಳೆಯಲು ಬಿಚ್ಚಿಟ್ಟು ಮರೆತಿದ್ದ ಹಲ್ಲು ಕಂಡು, ತಮ್ಮದೇ ಅಂತ ಹಾಕಿಕೊಂಡು ಹೋಗಿದ್ದಾರೆ. "ಮೂರ ದಿನದಿಂದ ಮಾತಾಡಿದ್ರ ಬರೇ ಸೀಟಿ ಹೊಡದಂಗ ಆಗತಿತ್ತಪಾ. ವಯಸ್ಸಾತು ಅನ್ಕೊಂಡಿದ್ದೆ."

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಚಾಚಿ ಅಳುತ್ತಲೇ ನಕ್ಕರು. ಚಾಚಾ ಒಬ್ಬರೇ ನಗಲಿಲ್ಲ. ಮೆಲ್ಲಗೆ ಎದ್ದು ಕೂತು, ಹೊಟ್ಟೆಯ ಮೇಲೆ ಕೈಯಿಟ್ಟು, ಬೆವರುತ್ತ ನನ್ನ ಕಡೆ ನೋಡಿದರು.

"ಮಾಸ್ತರ್ರ, ಹಲ್ಲು ಅಲ್ಲಿದ್ವು ಅಂದ್ರ, ಮೂರ ದಿನದಿಂದ ನನಗ ಒಳಗ ಕಚ್ಚಾಕತ್ತಿದ್ದು ಯಾವ್ದು?"