ಕಾಕಾನ ಸಮುದ್ರಕ್ಕೆ ಉಪ್ಪೆಷ್ಟು?

ಉಪ್ಪಿನ ಬಗ್ಗೆ ನನ್ನ ಕಾಕಾನಷ್ಟು ತಲೆ ಕೆಡಿಸಿಕೊಂಡ ಮನುಷ್ಯ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕು ಸೇರಿಸಿ ಹುಡುಕಿದರೂ ಸಿಗಲಾರ. ಹಾಗೆಂದು ಅವರು ಊಟದ ವಿಷಯದಲ್ಲಿ ಕಟ್ಟುನಿಟ್ಟೆಂದು ತಿಳಿಯಬೇಡಿ. ಅವರ ಹೆಂಡತಿ, ಅಂದರೆ ನಮ್ಮ ಕಾಕು, ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದರೂ, ಹಾಕುವುದನ್ನೇ ಮರೆತರೂ ಅವರಿಗೆ ಗೊತ್ತಾಗುವುದಿಲ್ಲ. ಅವರ ಚಿಂತೆಯೆಲ್ಲ ಮೀನುಗಳ ಉಪ್ಪಿನದು!

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಗೋಕಾಕದ ಪೇಟೆಯಲ್ಲಿ ಅವರದು ನಲವತ್ತು ವರ್ಷದ ಅರಿವೆ ಅಂಗಡಿ. ಸೀರೆಯೊಂದನ್ನು ಮುಂದೆ ಹಿಡಿದರೆ ಸಾಕು, ಅದಕ್ಕೆ ಹೊಂದುವ ಜಂಪರ್, ಅಂದರೆ ರವಿಕೆಯ, ಬಟ್ಟೆಯನ್ನು ಕಪಾಟಿನಿಂದ ಒಂದೇ ಸಲಕ್ಕೆ ಎಳೆದು ಕೊಡುವವರು. ಎರಡನೆಯ ಬಟ್ಟೆ ಎಳೆಯುವುದೆಂದರೆ ಅವರಿಗೆ ಅವಮಾನ. ಇಂಥವರು ಸೀರೆ ತರಲು ಬೆಳಗಾವಿಗೆ ಹೋದವರು, ಸೀರೆಯ ಗಂಟಿನ ಜೊತೆ ಒಂದು ಗಾಜಿನ ತೊಟ್ಟಿ, ಒಂದು ಚೀಲ ಉಪ್ಪು ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೀನು ಹಿಡಿದುಕೊಂಡು ಬಸ್ಸಿಳಿದರು. ಧಗಧಗಿಸುವ ಕಿತ್ತಳೆ ಬಣ್ಣದ ಸಮುದ್ರದ ಮೀನುಗಳು. ಕಾಕು ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳಿದರೆ, ಇಂಥ ಬಣ್ಣ ಯಾವ ಮಿಲ್ಲಿನ ಬಟ್ಟೆಯಲ್ಲೂ ಬರುವುದಿಲ್ಲ ಎಂದರಂತೆ. ಇದೂ ಒಂದು ಕಾರಣವೇ?

ಲಿಂಗಪೂಜೆಯ ಮನೆಗೆ ಮೀನು ಬಂದ ಸುದ್ದಿ ಓಣಿಯಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಎದುರುಮನೆಯ ಅಜ್ಜಿ ಬಂದು ತೊಟ್ಟಿಯನ್ನು ಸುತ್ತು ಹಾಕಿದರು. ಇವು ಇರುವುದೇ ಉಪ್ಪುನೀರಿನಲ್ಲಿ ಎಂದು ಕಾಕಾ ವಿವರಿಸಿದ್ದಕ್ಕೆ ತಲೆಯಾಡಿಸಿ, ಹಾಗಾದರೆ ಉಪ್ಪಿನಕಾಯಿಯಾಗಲು ಎಷ್ಟು ದಿನ ಬೇಕಾಗಬಹುದು ಎಂದು ಕೇಳಿ ಹೋದರು.

ಮೀನಿನ ಅಂಗಡಿಯವನು ಹೇಳಿಕೊಟ್ಟ ಲೆಕ್ಕ ಸರಳವಾಗಿತ್ತು. ಸಾದಾ ನೀರಿನ ತೂಕ ಸಾವಿರ ಎಂದು ಹಿಡಿದರೆ ಸಮುದ್ರದ ನೀರಿನ ತೂಕ ಸಾವಿರದ ಇಪ್ಪತ್ತೈದು ಇರಬೇಕು. ಕಡಿಮೆಯಾದರೆ ಉಪ್ಪು ಹಾಕಬೇಕು, ಹೆಚ್ಚಾದರೆ ನೀರು ಹಾಕಬೇಕು. ಕಾಕಾ ವ್ಯಾಪಾರಸ್ಥರಲ್ಲವೆ, ಸಾವಿರವನ್ನು ಬಿಟ್ಟುಕೊಟ್ಟು ಇಪ್ಪತ್ತೈದನ್ನು ಹಿಡಿದುಕೊಂಡರು. ಅಳೆಯಲು ತೊಟ್ಟಿಯ ಜೊತೆ ಒಂದು ಪುಕ್ಕಟೆ ಪ್ಲಾಸ್ಟಿಕ್ ಡಬ್ಬಿ ಬಂದಿತ್ತು. ನೀರು ತುಂಬಿದರೆ ಒಳಗಿನ ಮುಳ್ಳು ಮೇಲೇಳುತ್ತದೆ, ಮುಳ್ಳು ನಿಂತ ಅಂಕಿಯನ್ನು ಕಾಕು ಓದುತ್ತಾರೆ. ಒಂದು ದಿನ ಇಪ್ಪತ್ತೆರಡು. ಡಬ್ಬಿಯನ್ನು ಬೆರಳಿನಿಂದ ತಟ್ಟಿದರೆ ಇಪ್ಪತ್ನಾಲ್ಕು. ಮತ್ತೊಮ್ಮೆ ತಟ್ಟಿದರೆ ಇಪ್ಪತ್ತೊಂದು. ಅಷ್ಟರಲ್ಲಿ ಒಂದು ಮೀನು ಕಲ್ಲಿನ ಹಿಂದೆ ಸೇರಿ ಆಹಾರ ಬಿಟ್ಟಿತು. ಅದರ ಕಿವಿರು ಓಡಿ ಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

ನಾನು ಹುಕ್ಕೇರಿಯಲ್ಲಿ ಸಾಲೆಯ ಶಿಕ್ಷಕಿ. ಶನಿವಾರ ಮಧ್ಯಾಹ್ನ ಗೋಕಾಕಕ್ಕೆ ಬಂದರೆ ಕಾಕಾ ನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು.

“ಒಂದ ಮುಳ್ಳಿನ ಮಾತ ಕೇಳಿ ಎರಡ ಜೀವ ಹೆಂಗ ಸಾಕೂದವ್ವಾ? ಗಾಡಿ ತಗಿ,” ಎಂದರು.

ಸ್ಕೂಟಿಯ ಹಿಂದೆ ಕಾಕಾ, ಕಾಕಾನ ತೊಡೆಯ ಮೇಲೆ ಸಮುದ್ರ. ಮೊದಲು ಹೋದದ್ದು ಕಲ್ಲೋಳಿಯ ಹಾಲಿನ ಡೇರಿಗೆ. ಹಾಲು ಅಳೆಯುವುದೂ ತೂಕದ ಲೆಕ್ಕವೇ ಅಲ್ಲವೆ ಎಂಬುದು ಕಾಕಾನ ತರ್ಕ. ಡೇರಿಯವರು ನಮ್ಮ ನೀರಿನಲ್ಲಿ ಗಾಜಿನ ಲ್ಯಾಕ್ಟೋಮೀಟರ್ ತೇಲಿಬಿಟ್ಟು, ಬಗ್ಗಿ ನೋಡಿ, ಮೂವತ್ತು ಎಂದರು.

“ಹಾಲ ಆಗಿದ್ರ ಕಣ್ಣ ಮುಚ್ಚಿ ತಗೋತಿದ್ನಿರಿ ಕಾಕಾರ. ಒಂದ ಹನಿ ನೀರ ಬೆರಸಿಲ್ಲ ನೋಡ್ರಿ.”

ನೀರಿನಲ್ಲಿ ಒಂದು ಹನಿ ನೀರೂ ಇಲ್ಲ ಎಂಬ ಪ್ರಮಾಣಪತ್ರ ಪಡೆದು ನಾವು ಮೂಡಲಗಿಯ ದಾರಿ ಹಿಡಿದೆವು. ಅಲ್ಲಿ ಕಾಕಾನ ಗಿರಾಕಿಯೊಬ್ಬರು ಕಬ್ಬು ಕಡಿಯಲು ಬಂದಿದೆಯೋ ಇಲ್ಲವೋ ಪರೀಕ್ಷಿಸುವ ಕೆಲಸದವರು. ಕಬ್ಬಿನ ಹಾಲಿನ ಒಂದು ಹನಿ ಹಾಕಿ ಸಕ್ಕರೆ ನೋಡುವ ಸಣ್ಣ ದುರ್ಬೀನು ಅವರ ಜೇಬಿನಲ್ಲೇ ಇರುತ್ತದೆ. ಅದಕ್ಕೆ ನಮ್ಮ ನೀರಿನ ಹನಿ ಹಾಕಿ, ಒಂದು ಕಣ್ಣು ಮುಚ್ಚಿ ನೋಡಿ, ಐದು ಎಂದರು. ಈ ಕಬ್ಬು ಇನ್ನೂ ಬಲಿತಿಲ್ಲ, ಆರು ತಿಂಗಳು ನೀರು ಬಿಡಿರಿ ಎಂಬ ಸಲಹೆಯನ್ನೂ ಕೊಟ್ಟರು. ಅವರು ತಮಾಷೆ ಮಾಡಿದರೋ, ನಿಜವಾಗಿಯೇ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದ ಕಾಕಾ ಕಾಗದ ತೆಗೆದು ಕೂಡಿಸಿದರು. ಡಬ್ಬಿಯ ಇಪ್ಪತ್ತೆರಡು, ಡೇರಿಯ ಮೂವತ್ತು, ಕಬ್ಬಿನ ಐದು. ಒಟ್ಟು ಐವತ್ತೇಳು. ಮೂರರಿಂದ ಭಾಗಿಸಿದರೆ ಹತ್ತೊಂಬತ್ತು. ಹಾಲು, ಕಬ್ಬು, ಸಮುದ್ರ ಮೂರನ್ನೂ ಹೀಗೆ ಕೂಡಿಸಿ ಭಾಗಿಸಬಹುದೇ ಎಂದು ನಾನು ಬಾಯಿ ತೆಗೆಯುವುದರೊಳಗೆ ಎರಡು ಹಿಡಿ ಉಪ್ಪು ತೊಟ್ಟಿಗೆ ಬಿದ್ದಾಗಿತ್ತು! ಮರುದಿನ ಮುಂಜಾನೆ ಎರಡೂ ಮೀನು ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ನಿಂತಿದ್ದವು. ಕಾಕಾ ಅಂಗಡಿ ತೆರೆಯಲಿಲ್ಲ. ಒಂದು ಚೊಂಬು ಉಪ್ಪುನೀರು ತೆಗೆಯುವುದು, ಒಂದು ಚೊಂಬು ಫಿಲ್ಟರ್ ನೀರು ಹಾಕುವುದು, ಮತ್ತೆ ಹೆದರಿ ಒಂದು ಚಮಚ ಉಪ್ಪು ಹಾಕುವುದು, ಇದೇ ನಡೆದಿತ್ತು.

ನಮ್ಮ ಸಾಲೆಯ ವಿಜ್ಞಾನದ ಸರ್ ಹತ್ತಿರ ಕೇಳಿದೆ. ಕಬ್ಬಿನವರ ದುರ್ಬೀನಿನಂಥದೇ, ಸಮುದ್ರದ ನೀರಿಗೆಂದೇ ಬೇರೆ ರಿಫ್ರ್ಯಾಕ್ಟೋಮೀಟರ್ ಬರುತ್ತದೆ, ಅದನ್ನೇ ತರಿಸಿರಿ ಎಂದರು. ಮೊಬೈಲಿನಲ್ಲಿ ತರಿಸಿದೆವು. ಕಾಕಾ ಹನಿ ಹಾಕಿ ಕಣ್ಣಿಗೆ ಹಿಡಿದು, ಒಳಗೆಲ್ಲ ಮಂಜು ಕವಿದಿದೆ, ಮಾಲು ಖರಾಬು ಎಂದು ತೀರ್ಪು ಕೊಟ್ಟು ವಾಪಸು ಕಳಿಸಿದರು. ಗೋಕಾಕಕ್ಕೆ ಕಳಿಸುವಾಗ ಕೆಟ್ಟದ್ದನ್ನೇ ಆರಿಸಿ ಕಳಿಸುತ್ತಾರೆ ಎಂಬ ಸಂಶಯ ಬೇರೆ. ಆದ್ದರಿಂದ ಎರಡನೆಯದನ್ನು ನನ್ನ ಹುಕ್ಕೇರಿಯ ವಿಳಾಸಕ್ಕೆ ತರಿಸಿದರು. ಒಡೆಯಬೇಡ, ಒಡೆಯದೆ ತಾ ಎಂದು ಫೋನಿನಲ್ಲಿ ನಾಲ್ಕು ಸಲ ಹೇಳಿದ್ದರು. ಒಡೆಯದೆ ತಂದುಕೊಟ್ಟೆ.

ಕಾಕಾ ಕಿಟಕಿಯ ಹತ್ತಿರ ನಿಂತು ಬಲಗಣ್ಣಿಗೆ ಹಿಡಿದರು. ಎಡಗಣ್ಣಿಗೆ ಹಿಡಿದರು. ಧೋತರದ ತುದಿಯಿಂದ ಗಾಜು ಒರೆಸಿ ಮತ್ತೆ ಹಿಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, ಇದೂ ಮಂಜು, ಕಟ್ಟಿ ಕಳಿಸು ಎಂದರು. ಅದನ್ನು ಕಟ್ಟುವ ಮೊದಲು ಸುಮ್ಮನೆ ಒಮ್ಮೆ ನಾನೂ ನೋಡಿದೆ. ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಹರಿತವಾದ ಒಂದು ಗೆರೆ.

“ಕಾಕಾ, ಗೆರಿ ಚೊಲೋ ಕಾಣಾಕತ್ತೈತ್ರಿ. ಮೂವತ್ತೊಂದರ ಮ್ಯಾಲ ಐತಿ.”

ಕಾಕಾ ನನ್ನನ್ನೇ ನೋಡಿದರು.

“ನಿನಗ ಖರೇನ ಕಾಣತೈತೇನು?”

“ಹೌದ್ರಿ.”

ಅವರು ಮೆಲ್ಲಗೆ ಕುರ್ಚಿಯ ಮೇಲೆ ಕೂತರು. “ನಾ ದುರ್ಬೀನ ಕೆಟ್ಟೈತಿ ಅಂತ ತಿಳದಿದ್ನೆವ್ವ,” ಎಂದರು.

ಒಳಗೆ ಹೋದರೆ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದರು. ಮೂರು ತಿಂಗಳಿಂದ ಹೆಂಗಸರು ಜಂಪರ್ ಬಟ್ಟೆ ಹೊಂದುತ್ತಿಲ್ಲವೆಂದು ವಾಪಸು ತರುತ್ತಿದ್ದರಂತೆ. ಕಾಕಾ ಊಟಕ್ಕೆ ಹೋದ ಹೊತ್ತು ನೋಡಿ ಇವರೇ ಬದಲಿಸಿ ಕೊಡುತ್ತಿದ್ದರಂತೆ. ಅವರಿಗೆ ಹೇಳಬಾರದೆಂದು ಗಿರಾಕಿಗಳಿಗೆಲ್ಲ ಆಣೆ ಹಾಕಿಸಿದ್ದರು.

ಆ ವಾರ ನಾನು ರಜೆ ಹಾಕಿ ಅಲ್ಲೇ ಉಳಿದೆ. ದಿನಕ್ಕೆ ಇಷ್ಟಿಷ್ಟೇ ಉಪ್ಪುನೀರು ತೆಗೆದು ಫಿಲ್ಟರ್ ನೀರು ಹಾಕಿದೆವು. ಹಳೆಯ ಡಬ್ಬಿಯ ಮುಳ್ಳಿಗೆ ಉಪ್ಪಿನ ಹರಳು ಅಂಟಿ ಅದು ಭಾರವಾಗಿ, ಅಂಕಿಯನ್ನು ಕಡಿಮೆ ತೋರಿಸುತ್ತಿತ್ತೆಂದು ಆಗ ಗೊತ್ತಾಯಿತು. ನಡುವೆ ಕಾಕಾನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದಾದ ಮೇಲೆ ಒಂದು ತೆಗೆಯೋಣ ಎಂದು ದಿನ ಗೊತ್ತುಮಾಡಿ ಕೊಟ್ಟರು.

ಐದನೆಯ ದಿನ ಗೆರೆ ಇಪ್ಪತ್ತೈದರ ಮೇಲೆ ನಿಂತಿತು. ಕಲ್ಲಿನ ಹಿಂದಿದ್ದ ಮೀನು ಹೊರಗೆ ಬಂದು ಗಾಜಿನ ಹತ್ತಿರ ಆಡತೊಡಗಿತು. ಕಾಕಾ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು.

“ಮೈ ಮ್ಯಾಲ ಬಿಳಿ ಪಟ್ಟಿ ಎಷ್ಟ ಅದಾವವ್ವಾ?”

“ಮೂರ್ರಿ ಕಾಕಾ. ಬಾಲದ ಹತ್ರ ಒಂದ ಸಣ್ಣದೈತಿ.”

“ನಾ ಎರಡ ಅಂತಿದ್ನಿ,” ಎಂದರು. “ಎಲ್ಲೈತಿ, ತೋರಸು.”

ನಾನು ಅವರ ತೋರುಬೆರಳು ಹಿಡಿದು ಗಾಜಿನ ಮೇಲಿಟ್ಟೆ. ಮೀನು ಹೋದ ಕಡೆಗೆಲ್ಲ ನಮ್ಮಿಬ್ಬರ ಬೆರಳೂ ಹೋಯಿತು.