ನಮ್ಮ ಮನೆಯ ಮೊರೆ

ಮಕ್ಕಳನ್ನು ಅಪ್ಪಟ ಕಥೋಲಿಕರನ್ನಾಗಿ ಬೆಳೆಸುವುದು ಹೇಗೆಂದು ಯಾರಾದರೂ ನನ್ನನ್ನು ಕೇಳಬೇಕು! ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣಿಗೆ ಗಾಜು ಜೋಡಿಸುವ ನಾನು, ಹೆತ್ತ ಮಕ್ಕಳ ಒಳಗಣ್ಣು ತೆರೆಸಲಾರೆನೇ? ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ಗುರುಗಳೆದುರು ಹೀಗೆಂದು ಕೊಚ್ಚಿಕೊಂಡೆ. ಅವರು ಪಾಪ, ನಂಬಿಬಿಟ್ಟರು. ಬರುವ ಭಾನುವಾರ ಚರ್ಚಿನಲ್ಲಿ ತಂದೆತಾಯಂದಿರಿಗೆ ನೀವೇ ಈ ಬಗ್ಗೆ ನಾಲ್ಕು ಮಾತು ಹೇಳಿ, ಅದಕ್ಕೆ ಮುಂಚೆ ಶುಕ್ರವಾರ ಸಂಜೆ ನಿಮ್ಮ ಮನೆಯ ಪ್ರಾರ್ಥನೆಗೆ ನಾನೇ ಬರುತ್ತೇನೆ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮನೆಯಲ್ಲಿ ಮಾತ್ರ ಸಂಜೆ ಜಪಸರದ ಪ್ರಾರ್ಥನೆ ಶುರುವಾದ ಕೂಡಲೇ ಮಗ ಸೋಫಾದ ಕೆಳಗೆ ನುಸುಳುತ್ತಿದ್ದ, ಮಗಳು ಬಾಯಿ ತುಂಬ ಆಕಳಿಸುತ್ತಿದ್ದಳು. ಹಾಗಾಗಿ ಉಪಾಯ ಹೂಡಿದೆ. ಪೂಜೆಯಲ್ಲಿ ಒಬ್ಬರು ಕೋರಿಕೆ ಹೇಳುತ್ತಾರೆ, ಉಳಿದವರೆಲ್ಲ "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎನ್ನುತ್ತಾರಲ್ಲ, ಮನೆಯಲ್ಲೂ ಅದನ್ನೇ ಮಾಡೋಣ! ಬಾಯಿಪಾಠ ಬೇಡ, ಮನಸ್ಸಿನಲ್ಲಿ ಇರುವುದನ್ನೇ ಹೇಳಿ ಎಂದು ಅಪ್ಪಣೆ ಕೊಡಿಸಿದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ.

ಮೊದಲ ದಿನ ಮಗಳು ರೋಗಿಗಳಿಗಾಗಿ, ಬಡವರಿಗಾಗಿ ಬೇಡಿಕೊಂಡಳು. ಈ ವರ್ಷ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಲಿರುವ ಇವಳನ್ನು, ಬಾಯಿ ಚುರುಕೆಂದು, ನಾವು ಮೆಣಸಿನಕಾಯಿ ಎನ್ನುತ್ತೇವೆ. ಮರುದಿನ ಮಗ, ಹಾಲಿನ ಕೆನೆ ಈ ಲೋಕದಿಂದಲೇ ಕಾಣೆಯಾಗಲಿ ಎಂದು ಬೇಡಿದ. ಹೋಗಲಿ ಎಂದುಕೊಂಡೆ. ಅದರ ಮರುದಿನ ಹೆಂಡತಿಯೂ ಕೈ ಜೋಡಿಸಿದಳು.

"ಒದ್ದೆ ಟವೆಲನ್ನ ಹಾಸಿಗೆ ಮೇಲೆ ಎಸೆಯೋ ಗಂಡಂದಿರಿಗೆ ಒಳ್ಳೇ ಬುದ್ಧಿ ಬರಲಿ ಅಂತ ಪ್ರಾರ್ಥಿಸೋಣ."

ಮಕ್ಕಳ ಮೊರೆಗೆ ಸೂರು ಹಾರಿಹೋಗಲಿಲ್ಲ ಅಷ್ಟೇ! ನನ್ನದೇ ನಿಯಮವಲ್ಲವೇ, ನಾನೂ ದನಿಗೂಡಿಸಬೇಕಾಯಿತು. ಬಿಟ್ಟೇನೆಯೇ? ಒಲೆಯ ಮೇಲೆ ಹಾಲಿಟ್ಟು ತವರಿಗೆ ಫೋನು ಹಚ್ಚುವ ಹೆಂಡತಿಯರಿಗಾಗಿ ನಾನೂ ಕೋರಿಕೆ ಸಲ್ಲಿಸಿದೆ. ಅದಕ್ಕೆ ಮೊರೆಯಿಟ್ಟವನು ನಾನೊಬ್ಬನೇ.

ಗುರುವಾರ ಯೋಚನೆ ಹತ್ತಿತು. ಗುರುಗಳೆದುರು ಇದೆಲ್ಲ ಹೊರಬಿದ್ದರೆ ಭಾನುವಾರ ಯಾವ ಮುಖ ಹೊತ್ತು ಮಾತಾಡಲಿ? ಮಗಳನ್ನು ಪಕ್ಕಕ್ಕೆ ಕರೆದು, ನಾಳೆ ಲೋಕಶಾಂತಿಯನ್ನು ಬಿಟ್ಟು ಬೇರೇನೂ ಕೇಳಬಾರದು ಎಂದೆ.

"ಮನಸ್ಸಲ್ಲಿರೋದನ್ನೇ ಹೇಳಿ ಅಂತ ನೀವೇ ಅಂದ್ರಲ್ಲಪ್ಪ?"

"ನಾಳೆ ಒಂದಿನ ಮನಸ್ಸಲ್ಲಿ ಲೋಕಶಾಂತಿ ಇಟ್ಕೋ, ತಾಯಿ."

ಶುಕ್ರವಾರ ಗುರುಗಳು ಬಂದರು. ಮೇಣದಬತ್ತಿ ಹಚ್ಚಿದೆವು. ಮಗ ಸೋಫಾದ ಮೇಲೆಯೇ ಇದ್ದ! ಮಗಳು ಲೋಕಶಾಂತಿಗಾಗಿ ಎಷ್ಟು ಚೆಂದವಾಗಿ ಬೇಡಿಕೊಂಡಳೆಂದರೆ, ನಾನು ಎದೆಯುಬ್ಬಿಸಿ ಗುರುಗಳತ್ತ ನೋಡಿದೆ. ಅವಳು ಕಣ್ಣು ಬಿಡಲೇ ಇಲ್ಲ.

"ಮತ್ತೆ ದೇವರೇ, ಭಾನುವಾರ ನಮ್ಮಪ್ಪ ಚರ್ಚಲ್ಲಿ ಮಾತಾಡ್ಬೇಕು. ಅವರಿಗೆ ತುಂಬಾ ಭಯ ಆಗಿದೆ. ಬಚ್ಚಲಲ್ಲಿ ಒಬ್ಬರೇ ಹೇಳಿ ನೋಡ್ತಾರೆ, ಅರ್ಧಕ್ಕೇ ನಿಂತುಹೋಗ್ತಾರೆ. ಫಾದರ್ ಪ್ರಬೋಧನೆ ಮಾಡುವಾಗ ಅವರು ನಿದ್ದೆ ಮಾಡ್ತಾರಲ್ಲ, ಅದಕ್ಕೇ ಏನು ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ. ಯಾರೂ ನಮ್ಮಪ್ಪನ್ನ ನೋಡಿ ನಗಬಾರದು. ನೀನೇ ಹೇಳ್ಕೊಡು."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಹುಡುಗಿಯ ರೆಪ್ಪೆ ಒದ್ದೆಯಾಗಿತ್ತು. ನಾನು ಹೇಳಿಕೊಡದ ಪ್ರಾರ್ಥನೆ, ಅದೂ ನನಗಾಗಿ! ಎಲ್ಲರಿಗಿಂತ ಗಟ್ಟಿಯಾಗಿ ಮೊರೆಯಿಟ್ಟವರು ಗುರುಗಳೇ.

ಹೊರಡುವಾಗ ಅವರು ಮಗಳ ತಲೆ ಸವರಿ, ಮಗು ಪ್ರಾರ್ಥನೆ ಚೆನ್ನಾಗಿ ಕಲಿತಿದೆ, ಭಾನುವಾರ ಇವಳೇ ಮಾತಾಡಲಿ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆದರೂ ಮನೆಯ ಯಜಮಾನನಲ್ಲವೇ, ಮರ್ಯಾದೆಗಾದರೂ ಕೇಳಬೇಕಲ್ಲ.

"ಹಾಗಾದ್ರೆ ನಾನೇನು ಮಾಡ್ಲಿ, ಫಾದರ್?"

ಗುರುಗಳು ಚಪ್ಪಲಿ ಮೆಟ್ಟುತ್ತ ಹೇಳಿದರು: "ನೀವು ಎಚ್ಚರವಾಗಿರಿ. ಅಷ್ಟು ಸಾಕು."