ಹೆಣ್ಣಿನವರಿಗಾಗಿ ಹಾಕಿದ ಪೈಪು

ಪಿರಿಯಾಪಟ್ಟಣ, ಹುಣಸೂರು, ಕೋಟೆ ಸೀಮೆಯಲ್ಲಿ ಪೈಪು ಹೂಳಿಕೊಂಡು ತಿರುಗುವ ಪ್ಲಂಬರ್ ನಾನು. ನೆಲ ಅಗೆದರೆ ಮನೆಯವರ ಬುದ್ಧಿಯೂ ಮೇಲೆ ಬರುತ್ತದೆ, ಇದಕ್ಕೆ ಒಂದು ಮನೆಯೂ ತಪ್ಪಿಲ್ಲ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ನಗು ಬಂದ ಹಿಂದೆಯೇ ಮೈ ಉರಿಯುತ್ತದೆ. ಕಂಪಲಾಪುರದ ಆಚೆ ಒಂದೇ ಮನೆಯಲ್ಲಿ, ಒಂದೇ ತಿಂಗಳಲ್ಲಿ ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

೧. ಅಭ್ಯಾಸ

ಆ ಮನೆಯ ಯಜಮಾನರಿಗೆ ಜಮೀನಿದೆ, ಟ್ರ್ಯಾಕ್ಟರ್ ಇದೆ, ಎರಡು ಸೀಮೆಹಸು ಇವೆ. ಕಕ್ಕಸು ಮಾತ್ರ ಇರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಮನೆ ಹಿಂದಿನ ಹೊಲವನ್ನು ಯಜಮಾನರು ಕೇರಳದವರಿಗೆ ಶುಂಠಿ ಬೆಳೆಯಲು ಗುತ್ತಿಗೆ ಕೊಟ್ಟರು. ಅವರು ಸುತ್ತ ಬೇಲಿ ಹಾಕಿ ಕಂಬಕ್ಕೆ ಕ್ಯಾಮೆರಾ ಕಟ್ಟಿದರು. ಅದುವರೆಗೆ ಆ ಹೊಲಕ್ಕೇ ಹೋಗಿಬರುತ್ತಿದ್ದ ಅಕ್ಕ ಅಂದಿನಿಂದ ಬೆಳಕು ಹರಿಯುವ ಮೊದಲೇ ನೋಯುವ ಮಂಡಿ ಎಳೆದುಕೊಂಡು ಕೆರೆ ಏರಿ ದಾಟಿ ಹೋಗಬೇಕಾಯಿತು. ಎಷ್ಟು ಸಲ ಕೇಳಿದರೂ ಯಜಮಾನರದು ಒಂದೇ ಉತ್ತರ: "ಶುಂಠಿ ಕಿತ್ತ ಮ್ಯಾಲೆ ನೋಡಣ."

ಅಷ್ಟರಲ್ಲಿ ಮಗನಿಗೆ ಕೆ.ಆರ್. ನಗರದ ಕಡೆಯ ಒಂದು ಹೆಣ್ಣು ಗೊತ್ತಾಗುವಂತಾಯಿತು. ಹೆಣ್ಣಿನ ಅಪ್ಪ ಫೋನಿನಲ್ಲಿ "ಮನೇಲಿ ಟಾಯ್ಲೆಟ್ ಅದಾ?" ಅಂದರಂತೆ. ಇವರು "ಓ, ಅದೆ" ಅಂದವರೇ ಆ ಫೋನ್ ಇಟ್ಟು ನನಗೆ ಮಾಡಿದರು.

"ಮನೆ ನೋಡಕ್ಕೆ ಎಣ್ಣಿನೋರು ಬತ್ತಾವ್ರೆ. ಅಷ್ಟೊತ್ಗೆ ಆಗ್ಬೇಕು ಕಣಪ್ಪ."

"ಅಕ್ಕಂಗೂ ಅನುಕೂಲ ಆಯ್ತದೆ ಬುಡಿ," ಅಂದೆ.

"ಅವ್ಳ್ಗೇನು? ಅವ್ಳ್ಗೆ ಅಭ್ಯಾಸ ಆಗೋಗದೆ."

೨. ತಾತನ ಪೈಪು

ಬಚ್ಚಲ ನೀರು ಹೋಗುವುದಕ್ಕೆ ಅವರ ತಾತನ ಕಾಲದ ಮಣ್ಣಿನ ಪೈಪು ಇತ್ತು. ಕಕ್ಕಸಿಗೂ ಅದೇ ಸಾಕು ಅಂತ ಯಜಮಾನರ ಹಟ.

"ನಿನ್ನ ಪ್ಲಾಸ್ಟಿಕ್ ನಾಕು ದಿನದ್ದು. ಇದು ಸುಟ್ಟ ಮಣ್ಣು. ಕಲ್ಲು ಕಣಯ್ಯ, ಕಲ್ಲು!"

ಅಗೆದೆ. ಮೊದಲ ಪೈಪನ್ನು ಎತ್ತಿದರೆ ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾಯಿತು. ಎರಡನೆಯದರ ತುಂಬ ತೆಂಗಿನ ಬೇರು. ಮೂರನೆಯದರ ಜಾಗದಲ್ಲಿ ಬರೀ ಕೆಸರು. ಎಷ್ಟೋ ವರ್ಷದಿಂದ ಆ ಮನೆಯ ಬಚ್ಚಲ ನೀರು ಅರ್ಧ ದಾರಿಯಲ್ಲೇ ಇಂಗಿ ಹೋಗಿತ್ತು, ಮೋರಿ ಮುಟ್ಟಿರಲೇ ಇಲ್ಲ. ಯಜಮಾನರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಆ ಚೂರುಗಳನ್ನೇ ಬಹಳ ಹೊತ್ತು ನೋಡಿದರು. ತಾತನ ನೆನಪಾಯಿತೇನೋ, ಪಾಪ, ಅಂದುಕೊಂಡೆ.

"ಚೂರೆಲ್ಲ ಉಸಾರಾಗಿ ಒಂದ್ಕಡೆ ಮಡುಗು. ಪ್ಲಾಸ್ಟಿಕ್ ಕೆಟ್ಟೋದ್ರೆ ಇದ್ನೇ ಹಾಕ್ಬೋದು," ಅಂದರು.

೩. ತಮ್ಮನ ಮರ

ಯಜಮಾನರ ತಮ್ಮ ಆಸ್ತಿ ಪಾಲಾದ ಮೇಲೆ ಪಕ್ಕದಲ್ಲೇ ಮನೆ ಕಟ್ಟಿಕೊಂಡಿದ್ದ. ಪೈಪು ಹೋಗುವುದು ಅವನ ಹಿತ್ತಲಿನ ಮೂಲಕ, ಮೋರಿ ಪಕ್ಕ ಕಟ್ಟಿದ ಕಕ್ಕಸಿನ ಟ್ಯಾಂಕಿಗೆ. ಪೈಪಿನೊಳಗೆ ಸಿಕ್ಕಿದ ಬೇರು ಅವನ ತೆಂಗಿನ ಮರದ್ದು. ಆ ಬೀದಿಯಲ್ಲಿ ಅಷ್ಟು ಕಾಯಿ ಬಿಡುವ ಮರ ಇನ್ನೊಂದಿಲ್ಲ. ಅಣ್ಣನ ಬಚ್ಚಲ ನೀರು ತನ್ನ ಗೋಡೆಗೆ ಇಳಿಯುತ್ತದೆ ಅಂತ ಅವನು ಹಿಂದೆ ಎರಡು ಸಲ ಊರವರನ್ನು ಕರೆದು ನ್ಯಾಯವನ್ನೂ ಸೇರಿಸಿದ್ದನಂತೆ. ಸೋರದ ಪೈಪು ಬಂತಲ್ಲ, ಖುಷಿ ಪಡುತ್ತಾನೆ ಅಂದುಕೊಂಡಿದ್ದೆ. ನಾನು ಪೈಪು ಜೋಡಿಸುತ್ತಿದ್ದಂತೆ ಬಂದು ಗುಂಡಿಗೆ ಅಡ್ಡ ನಿಂತ.

"ಇದು ಸೋರಕಿಲ್ವಾ?"

"ಒಂದು ತೊಟ್ಟೂ ಸೋರಕಿಲ್ಲ."

"ಅಂಗಾರೆ ನನ್ನ ಮರ? ಅದು ಒಣಗೋದ್ರೆ ನೀನು ಕೊಟ್ಟೀಯಾ ಕಾಯಿ? ಮರದ ಬುಡಕ್ಕೆ ಒಂದು ತೂತು ಬುಟ್ಟು ಹಾಕು. ಇಲ್ದಿದ್ರೆ ನನ್ನ ಇತ್ಲಲ್ಲಿ ಪೈಪು ಹೋಗಂಗಿಲ್ಲ."

"ಅಯ್ಯೋ, ಇನ್ಮೇಲೆ ಇದ್ರಲ್ಲಿ ಬರೋದು ಬರೀ ಬಚ್ಚಲು ನೀರಲ್ಲ. ಏನು ಬತ್ತದೆ ಗೊತ್ತಾ?"

ಅವನು ತಲೆ ಎತ್ತಿ ಮರದ ಗೊನೆ ನೋಡಿದ.

"ಗೊಬ್ರ ಅಲ್ವಾ? ಅಂಗಾರೆ ಎಲ್ಡು ತೂತು ಬುಡು."

೪. ಫಲಾನುಭವಿ

ಎರಡು ದಿನ ಕೆಲಸ ನಿಂತಿತು. ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಅಕ್ಕನೇ ಮೈದುನನ ಬಾಗಿಲಿಗೆ ಹೋಗಿ, ದಿನಾ ಎರಡು ಕೊಡ ನೀರು ತಾನೇ ಹೊತ್ತು ಮರಕ್ಕೆ ಹಾಕುತ್ತೇನೆ ಎಂದು ಒಪ್ಪಿಸಿ ಬಂದರು. ಆ ಮಂಡಿ ಇಟ್ಟುಕೊಂಡು! ಗಂಡಸರಿಬ್ಬರಿಗೂ ಅದು ಸರಿಯಾದ ತೀರ್ಮಾನವಾಗಿ ಕಂಡಿತು.

ಕಕ್ಕಸು ಮುಗಿಯಿತು. ಬಿಳಿ ಟೈಲ್ಸು, ನೀಲಿ ಬಾಗಿಲು. ಸಹಾಯಧನದ ಅರ್ಜಿ ಅಕ್ಕನ ಹೆಸರಿನಲ್ಲಿತ್ತು. ಪಂಚಾಯ್ತಿಯಿಂದ ಫೋಟೋ ತೆಗೆಯಲು ಬಂದವರು "ಫಲಾನುಭವಿ ಬಾಗಿಲ ಹತ್ರ ನಿಂತ್ಕೊಳ್ಳಿ" ಅಂದರು. ಅಕ್ಕ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಒಂದು ಕಾಲು ಒಳಗಿಟ್ಟರು.

"ಏಯ್, ಆಚೆ ನಿಂತ್ಕೊ!" ಯಜಮಾನರು ಕೂಗಿದರು. "ಟೈಲ್ಸು ಕೊಳೆ ಆಯ್ತದೆ. ಎಣ್ಣಿನೋರು ಬರೋಗಂಟ ಯಾರೂ ಒಳೀಕೆ ಹೋಗಂಗಿಲ್ಲ."

ಫೋಟೋ ಆಯಿತು. ಯಜಮಾನರು ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಸರ್ಕಾರದ ಕಾಗದದಲ್ಲಿ ಅವತ್ತು ಅಕ್ಕನಿಗೆ ಶೌಚಾಲಯ ಸಿಕ್ಕಿತು. ಅಕ್ಕ ಸೀರೆ ಬದಲಾಯಿಸಿ, ಕತ್ತಲಾಗುವುದನ್ನು ಕಾದು, ಚೊಂಬು ಹಿಡಿದು ಕೆರೆ ಕಡೆ ಹೊರಟರು.

೫. ಹೆಣ್ಣಿನವರು ಬಂದರು

ಆ ದಿನ ಪೈಪು ಕಟ್ಟಿಕೊಂಡರೆ ಮಾನ ಹೋದೀತು ಅಂತ ಯಜಮಾನರು ನನ್ನನ್ನೂ ಕರೆಸಿದ್ದರು. ಬೀಗ ತೆಗೆಸಿ ನಾಲ್ಕು ಬಕೆಟ್ ನೀರು ಸುರಿದು ತೋರಿಸಿದೆ, ಸರಾಗವಾಗಿ ಹೋಯಿತು. ಅಷ್ಟರಲ್ಲಿ ಕಾರು ಬಂದ ಸದ್ದಾಗಿ ಯಜಮಾನರು ಬಾಗಿಲು ತೆರೆದಿಟ್ಟೇ ಓಡಿದರು. ಹಿತ್ತಲಿಗೆ ಬಂದ ಅಕ್ಕ ತೆರೆದ ಬಾಗಿಲು ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಆಕಾಶ ನೋಡುತ್ತಾ ನಿಂತೆ.

ಹೆಣ್ಣಿನ ಅಪ್ಪ ಸಕ್ಕರೆ ಕಾಯಿಲೆಯ ಮನುಷ್ಯ. ಕಾಫಿ ಲೋಟ ಕೆಳಗಿಡುವ ಮೊದಲೇ ಕಿರುಬೆರಳು ಎತ್ತಿದರು. "ಬನ್ನಿ ಬನ್ನಿ, ಪೂರ್ತಿ ಟೈಲ್ಸ್ ಹಾಕ್ಸಿವ್ನಿ" ಎಂದು ಯಜಮಾನರು ಎದೆ ಉಬ್ಬಿಸಿ ಮುಂದೆ ನಡೆದರು. ಮನೆ ನೋಡಲು ಬಂದವರಲ್ಲವೇ, ಹೆಣ್ಣಿನ ಅಮ್ಮ, ಸೋದರಮಾವ ಎಲ್ಲ ಹಿಂದೆಯೇ ಬಂದರು. ಯಜಮಾನರು ಬಾಗಿಲು ತಳ್ಳಿದರು. ಅದು ಅಲುಗಲಿಲ್ಲ.

"ಯಾರ್ಲಾ ಒಳ್ಗೆ?"

"ನಾನು ಕಣ್ರೀ." ಅಕ್ಕನ ದನಿ.

"ಎಣ್ಣಿನೋರು ನಿಂತವ್ರೆ! ಬ್ಯಾಗ ಆಚೆ ಬಾ!"

ಒಳಗಿನಿಂದ ನಲ್ಲಿ ತಿರುಗಿಸಿದ ಸದ್ದು ಬಂತು, ಅಷ್ಟೇ. ಹೆಣ್ಣಿನ ಅಪ್ಪ ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ನಿಲ್ಲತೊಡಗಿದರು. ಯಜಮಾನರು ಎರಡೂ ಕೈಯಲ್ಲಿ ಬಾಗಿಲು ಬಡಿದರು. ಆಗ ಒಳಗಿನಿಂದ ಅಕ್ಕ ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಮೂವತ್ತು ವರ್ಸ ನಾನು ತಡ್ಕೊಂಡಿವ್ನಿ. ಅವ್ರು ಒಂದರ್ಧ ಗಂಟೆ ತಡ್ಕಳ್ಳಿ ಬುಡಿ!"